ಗೆಲ್ಲದವರಿಗೆ ಹಾಕಿದ ಮತ ವ್ಯರ್ಥವೇ? ಅಮೆರಿಕದ ಪ್ರೈಮರಿ ಚುನಾವಣೆ ಮತ್ತು ಮತದಾರರ ಮನಸ್ಸು

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಾಗಲೆಲ್ಲ ಅದರ ಗಾಳಿ ನಮ್ಮ ವಾಟ್ಸಾಪ್ ಗುಂಪುಗಳಿಗೂ ಬೀಸುತ್ತದೆ. ಮಗ ನ್ಯೂಜೆರ್ಸಿಯಲ್ಲಿ, ಅಕ್ಕನ ಮಗಳು ಟೆಕ್ಸಾಸ್‌ನಲ್ಲಿ ಇರುವ ಮನೆಗಳು ಈಗ ಕರ್ನಾಟಕದಲ್ಲಿ ಕಡಿಮೆಯೇನಿಲ್ಲ. ಅಲ್ಲಿನವರು ಇಲ್ಲಿಗೆ, ಇಲ್ಲಿನವರು ಅಲ್ಲಿಗೆ ಸಂದೇಶ ಕಳಿಸುತ್ತಲೇ ಇರುತ್ತಾರೆ. ಪ್ರೈಮರಿ ಚುನಾವಣೆಯ ಹೊತ್ತಿಗೆ ಹರಿದಾಡುವ ಮಾತುಗಳಲ್ಲಿ ಈ ನಾಲ್ಕು ಬಗೆಯವು ಹೆಚ್ಚು:

• ನಮ್ಮವರೊಬ್ಬರು ನಿಂತಿದ್ದಾರೆ, ನಾವೆಲ್ಲ ಅವರಿಗೇ ಹಾಕಬೇಕು.
• ಗೆಲ್ಲದ ಅಭ್ಯರ್ಥಿಗೆ ಹಾಕಿದ ಮತ ನೀರಿನಲ್ಲಿ ಹೋಮ ಮಾಡಿದ ಹಾಗೆ.
• ಪ್ರೈಮರಿಯಲ್ಲಿ ಸೋತವರ ಬೆಂಬಲಿಗರೇ ಕೊನೆಗೆ ಪಕ್ಷವನ್ನು ಮುಳುಗಿಸುತ್ತಾರೆ.
• ಪ್ರೈಮರಿಯಲ್ಲಿ ಮತ ಹಾಕಿದರೆ ನವೆಂಬರ್‌ನಲ್ಲಿ ಹಾಕುವ ಹಾಗಿಲ್ಲ.

ಕೊನೆಯದು ಶುದ್ಧ ಸುಳ್ಳು. ಉಳಿದ ಮೂರರಲ್ಲಿ ಅರ್ಧ ನಿಜ, ಅರ್ಧ ಭಾವನೆ. ಯಾವುದು ಎಷ್ಟು ನಿಜ ಎಂದು ತಿಳಿಯಬೇಕಾದರೆ ಪ್ರೈಮರಿ ಎಂದರೇನು, ಅಲ್ಲಿ ಒಬ್ಬ ಅಭ್ಯರ್ಥಿಯನ್ನು ಮೆಚ್ಚುವಾಗ ನಮ್ಮ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಪ್ರೈಮರಿ ಎಂದರೆ ಟಿಕೆಟ್ ಹಂಚಿಕೆ, ಹಂಚುವವರು ಮತದಾರರು

ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಸಿಗದವರು ಬಂಡಾಯ ಏಳುತ್ತಾರೆ, ಇಲ್ಲವೇ ಪಕ್ಷ ಬಿಡುತ್ತಾರೆ. ಅಮೆರಿಕದಲ್ಲಿ ಆ ತೀರ್ಮಾನವನ್ನು ಮತದಾರರೇ ಮಾಡುತ್ತಾರೆ. ಅದಕ್ಕಾಗಿ ನಡೆಯುವ ಚುನಾವಣೆಯೇ ಪ್ರೈಮರಿ. ಡೆಮಾಕ್ರಟಿಕ್ ಪಕ್ಷದಿಂದ ಯಾರು, ರಿಪಬ್ಲಿಕನ್ ಪಕ್ಷದಿಂದ ಯಾರು ಎಂಬುದು ಮೊದಲು ಇಲ್ಲಿ ಇತ್ಯರ್ಥವಾಗಬೇಕು. ಆಮೇಲೆ ನವೆಂಬರ್‌ನಲ್ಲಿ ಎರಡು ಪಕ್ಷಗಳ ನಡುವೆ ಮುಖ್ಯ ಚುನಾವಣೆ.

ಅಮೆರಿಕದಲ್ಲೂ ಇದು ಮೊದಲಿನಿಂದ ಹೀಗೇ ಇರಲಿಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದು ಪ್ರೈಮರಿಯಲ್ಲೂ ಸ್ಪರ್ಧೆಗಿಳಿಯದೆ, ಪಕ್ಷದ ಮುಖಂಡರ ಬಲದಿಂದ ಡೆಮಾಕ್ರಟಿಕ್ ಅಭ್ಯರ್ಥಿಯಾದರು. ಆ ವರ್ಷ ಷಿಕಾಗೋದಲ್ಲಿ ನಡೆದ ಪಕ್ಷದ ಸಮಾವೇಶ ಗಲಭೆಯಲ್ಲಿ ಮುಳುಗಿತು. ಜನರ ಸಿಟ್ಟು ತಣಿಸಲು ಪಕ್ಷ ನಿಯಮ ಬದಲಿಸಿತು. 1972ರಿಂದ ಪ್ರೈಮರಿಗಳ ಫಲಿತಾಂಶವೇ ಅಭ್ಯರ್ಥಿಯನ್ನು ತೀರ್ಮಾನಿಸುವ ಪದ್ಧತಿ ಗಟ್ಟಿಯಾಯಿತು.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ರಾಜ್ಯಗಳಲ್ಲಿ ಆ ಪಕ್ಷದವರೆಂದು ನೋಂದಾಯಿಸಿಕೊಂಡವರಿಗೆ ಮಾತ್ರ ಅವಕಾಶ. ಕೆಲವೆಡೆ ಯಾವ ಮತದಾರರಾದರೂ ಯಾವುದಾದರೂ ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಬಹುದು. ನವೆಂಬರ್ ಹೊತ್ತಿಗೆ 18 ತುಂಬುವ 17 ವರ್ಷದವರಿಗೂ ಕೆಲವು ರಾಜ್ಯಗಳು ಪ್ರೈಮರಿಯಲ್ಲಿ ಮತದಾನಕ್ಕೆ ಅವಕಾಶ ಕೊಡುತ್ತವೆ. ಆದರೆ ಪೌರತ್ವ ಬೇಕೇ ಬೇಕು. ಎಚ್-1ಬಿ ವೀಸಾದಲ್ಲಿರುವವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ.

ಈ ಪ್ರಯೋಗ ಕರ್ನಾಟಕಕ್ಕೂ ಒಮ್ಮೆ ಬಂದಿತ್ತು. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ದೇಶದ ಕೆಲವೇ ಕ್ಷೇತ್ರಗಳಲ್ಲಿ ಅಮೆರಿಕದ ಮಾದರಿಯಲ್ಲಿ ಒಳಚುನಾವಣೆ ನಡೆಸಿತು. ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಆ ಪಟ್ಟಿಯಲ್ಲಿದ್ದವು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಗೆದ್ದು ಟಿಕೆಟ್ ಪಡೆದರು. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಸೋಲಿಗೆ ಒಳಚುನಾವಣೆಯೇ ಕಾರಣ ಎನ್ನಲಾಗದು. ಅಮೆರಿಕಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು: ಇಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು, ಸಾಮಾನ್ಯ ಮತದಾರರಲ್ಲ.

ಪಕ್ಷ ಒಂದೇ ಆದಾಗ ಯಾವ ಆಧಾರದ ಮೇಲೆ ಆರಿಸುವುದು?

ಮುಖ್ಯ ಚುನಾವಣೆಯಲ್ಲಿ ಹೆಚ್ಚಿನವರಿಗೆ ತೀರ್ಮಾನ ಸುಲಭ. ಪಕ್ಷದ ಹೆಸರೇ ದಾರಿ ತೋರಿಸುತ್ತದೆ. ಅಭ್ಯರ್ಥಿಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೂ ಅವರು ಯಾವ ಕಡೆಯವರು ಎಂಬುದು ಗೊತ್ತಿರುತ್ತದೆ.

ಪ್ರೈಮರಿಯಲ್ಲಿ ಆ ದಾರಿದೀಪ ಇರುವುದಿಲ್ಲ. ನಿಂತವರೆಲ್ಲ ಒಂದೇ ಪಕ್ಷದವರು. ಹೆಚ್ಚಿನ ವಿಷಯಗಳಲ್ಲಿ ಅವರ ನಿಲುವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮನಸ್ಸು ಬೇರೆ ಗುರುತುಗಳನ್ನು ಹುಡುಕುತ್ತದೆ: ಮುಖ, ದನಿ, ವಯಸ್ಸು, ಹೆಣ್ಣೋ ಗಂಡೋ, ಯಾವ ಊರು, ಯಾವ ಹಿನ್ನೆಲೆ, ನಾವು ನಂಬುವವರು ಯಾರನ್ನು ಬೆಂಬಲಿಸಿದ್ದಾರೆ. ಅಂದರೆ ಭಾವನೆಯ ಪಾಲು ಇಲ್ಲಿ ದೊಡ್ಡದಾಗುತ್ತದೆ.

ಮುಖ ಎಷ್ಟು ಪ್ರಭಾವ ಬೀರಬಲ್ಲದು ಎಂಬುದಕ್ಕೆ 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೆಸರುವಾಸಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಸಂಗಡಿಗರು ಸೆನೆಟ್ ಚುನಾವಣೆಗಳಲ್ಲಿ ಎದುರಾಳಿಗಳಾಗಿದ್ದ ಇಬ್ಬರ ಫೋಟೊಗಳನ್ನು ಅಕ್ಕಪಕ್ಕ ಇಟ್ಟು, ಅವರು ಯಾರೆಂದು ಗೊತ್ತಿಲ್ಲದ ಜನರಿಗೆ ತೋರಿಸಿದರು. ಕೇಳಿದ್ದು ಒಂದೇ ಪ್ರಶ್ನೆ: ಇವರಲ್ಲಿ ಹೆಚ್ಚು ಸಮರ್ಥರಂತೆ ಕಾಣುವವರು ಯಾರು? ಸುಮಾರು ಶೇ 70ರಷ್ಟು ಸ್ಪರ್ಧೆಗಳಲ್ಲಿ ಜನ ಬೆರಳು ತೋರಿಸಿದವರೇ ನಿಜವಾದ ಚುನಾವಣೆಯಲ್ಲೂ ಗೆದ್ದಿದ್ದರು. ಸಮರ್ಥರಂತೆ ಕಾಣುವವರು ಸಮರ್ಥರೇ ಆಗಿರುತ್ತಾರೆ ಎಂದು ಇದರ ಅರ್ಥವಲ್ಲ. ಮುಖ ನೋಡಿ ಮೂಡುವ ಮೊದಲ ಅನಿಸಿಕೆ ನಮಗೆ ಗೊತ್ತಿಲ್ಲದೆಯೇ ಕೆಲಸ ಮಾಡುತ್ತಿರಬಹುದು ಎಂದಷ್ಟೇ ಅರ್ಥ. ಪಕ್ಷ ಬೇರೆಬೇರೆ ಇರುವ ಸ್ಪರ್ಧೆಯಲ್ಲೇ ಹೀಗಾದರೆ, ಪಕ್ಷ ಒಂದೇ ಇರುವಲ್ಲಿ ಇಂಥ ಅನಿಸಿಕೆಗೆ ಜಾಗ ಹೆಚ್ಚೇ ಹೊರತು ಕಡಿಮೆಯಿಲ್ಲ.

"ನಮ್ಮವರು" ಎಂಬ ಭಾವ ಇನ್ನೊಂದು ಗುರುತು. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು ಮೂರನೆಯವರಾದರು. 2022ರಲ್ಲಿ ಅದೇ ರಾಜ್ಯದ ಒಂದು ಕಾಂಗ್ರೆಸ್ ಕ್ಷೇತ್ರದ ಪ್ರೈಮರಿ ಗೆದ್ದು ಸಂಸತ್ತಿಗೆ ಹೋದರು. ಆ ಪ್ರೈಮರಿಯಲ್ಲಿ ಅವರಿಗೆ ಬಿದ್ದದ್ದು ಶೇ 30ಕ್ಕಿಂತ ಕಡಿಮೆ ಮತ. ಕಣದಲ್ಲಿ ಹಲವರಿದ್ದು ಮತಗಳು ಹಂಚಿಹೋದಾಗ ಅಷ್ಟರಲ್ಲೇ ಗೆಲುವು ಸಾಧ್ಯ. ಮುಖ್ಯ ಚುನಾವಣೆಗಿಂತ ಪ್ರೈಮರಿಗೆ ಬರುವವರು ಬಹಳ ಕಡಿಮೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. 2016ರಲ್ಲಿ ಎರಡೂ ಪಕ್ಷಗಳ ಅಧ್ಯಕ್ಷೀಯ ಪ್ರೈಮರಿಗಳನ್ನು ಸೇರಿಸಿದರೂ ಮತ ಹಾಕಿದವರು ಅರ್ಹರಲ್ಲಿ ಸುಮಾರು ಶೇ 28. ಸಣ್ಣ ಗುಂಪೊಂದು ಒಟ್ಟಾಗಿ ಬಂದರೂ ಪ್ರೈಮರಿಯಲ್ಲಿ ಫಲಿತಾಂಶ ಅಲುಗಾಡುತ್ತದೆ.

ಹಾಗಾದರೆ ನಮ್ಮವರು ಎಂಬ ಕಾರಣಕ್ಕೆ ಮತ ಹಾಕುವುದು ತಪ್ಪೇ? ತಪ್ಪು ಎಂದು ನಾವು ಹೇಳುವುದಿಲ್ಲ. ತಮ್ಮಂಥವರೊಬ್ಬರು ವೇದಿಕೆಯ ಮೇಲೆ ನಿಂತಾಗ ಉಂಟಾಗುವ ಹೆಮ್ಮೆ ಸಹಜ. ಆದರೆ ಹೆಮ್ಮೆಯಿಂದ ಆ ಅಭ್ಯರ್ಥಿಯ ಆರೋಗ್ಯ ನೀತಿಯಾಗಲಿ ವಲಸೆ ನೀತಿಯಾಗಲಿ ನಮಗೆ ತಿಳಿಯುವುದಿಲ್ಲ. 2024ರ ರಿಪಬ್ಲಿಕನ್ ಪ್ರೈಮರಿಯಲ್ಲಿ ಭಾರತೀಯ ಮೂಲದವರೇ ಇಬ್ಬರಿದ್ದರು, ನಿಕ್ಕಿ ಹೇಲಿ ಮತ್ತು ವಿವೇಕ್ ರಾಮಸ್ವಾಮಿ. ಇಬ್ಬರ ನಿಲುವುಗಳೂ ಎಷ್ಟು ಬೇರೆಯಾಗಿದ್ದವು ಎಂದರೆ ಟಿವಿ ಚರ್ಚೆಗಳಲ್ಲಿ ಅವರಿಬ್ಬರೇ ಕಟುವಾಗಿ ಕಿತ್ತಾಡಿದರು. "ನಮ್ಮವರಿಗೇ ಹಾಕಿ" ಎಂಬ ಫಾರ್ವರ್ಡ್ ಅಲ್ಲಿ ಯಾರಿಗೆ ಹಾಕಿ ಎನ್ನಬೇಕಿತ್ತು?

ಮನಸ್ಸು ಕೊಟ್ಟ ಮೇಲೆ ಕಾರಣಗಳು ಹುಟ್ಟುತ್ತವೆ

ಕಾರಣಗಳನ್ನು ತೂಗಿ ನೋಡಿ ಅಭ್ಯರ್ಥಿಯನ್ನು ಆರಿಸಿದ್ದೇವೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಆಗುವುದು ತಿರುಗಾಮುರುಗಾ. ಮೊದಲು ಮೆಚ್ಚುತ್ತೇವೆ, ಆಮೇಲೆ ಕಾರಣ ಕೂಡಿಸುತ್ತೇವೆ.

1968ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆನಡಾದ ವ್ಯಾಂಕೂವರ್‌ನ ಕುದುರೆ ರೇಸ್ ಮೈದಾನದಲ್ಲಿ ನಾಕ್ಸ್ ಮತ್ತು ಇಂಕ್‌ಸ್ಟರ್ ಎಂಬ ಸಂಶೋಧಕರು ಎರಡು ಡಾಲರ್ ಬಾಜಿ ಕಟ್ಟುವವರನ್ನು ಮಾತಾಡಿಸಿದರು. ಕೌಂಟರ್ ಮುಂದೆ ಸಾಲಿನಲ್ಲಿ ನಿಂತಿದ್ದವರನ್ನು ಕೇಳಿದರು: ನಿಮ್ಮ ಕುದುರೆ ಗೆಲ್ಲುವ ಸಂಭವ ಎಷ್ಟು? ಆಗತಾನೇ ಹಣ ಕಟ್ಟಿ ಹೊರಬಂದವರಿಗೂ ಅದೇ ಪ್ರಶ್ನೆ. ಕಟ್ಟಿ ಬಂದವರ ವಿಶ್ವಾಸ ಸಾಲಿನಲ್ಲಿದ್ದವರಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ಆ ಕೆಲವು ಕ್ಷಣಗಳಲ್ಲಿ ಕುದುರೆ ಬದಲಾಗಿರಲಿಲ್ಲ, ಅದರ ಬಗ್ಗೆ ಹೊಸ ಸುದ್ದಿಯೂ ಬಂದಿರಲಿಲ್ಲ. ಬದಲಾದದ್ದು ಒಂದೇ: ಇನ್ನು ಹಿಂದೆ ಸರಿಯುವ ಹಾಗಿಲ್ಲ ಎಂಬ ಸ್ಥಿತಿ.

ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಮಂಡಿಸಿದ ಸಿದ್ಧಾಂತ ಇದಕ್ಕೆ ವಿವರಣೆ ಕೊಡುತ್ತದೆ. ಒಂದನ್ನು ಆರಿಸಿದ ಮೇಲೂ "ಇನ್ನೊಂದು ಒಳ್ಳೆಯದಿತ್ತೇನೋ" ಎಂಬ ಅನುಮಾನ ಮನಸ್ಸಿಗೆ ಕಿರಿಕಿರಿ ಮಾಡುತ್ತದೆ. ಆ ಕಿರಿಕಿರಿ ಕಳೆದುಕೊಳ್ಳಲು ನಾವು ಆರಿಸಿದ್ದನ್ನು ಮೇಲಕ್ಕೆತ್ತುತ್ತೇವೆ, ಬಿಟ್ಟದ್ದನ್ನು ಕೆಳಗೆ ತಳ್ಳುತ್ತೇವೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಮಕ್ಕಳಿಗೆ ಮಾತ್ರವಲ್ಲ, ಅಭ್ಯರ್ಥಿಗಳಿಗೂ ಒಪ್ಪುತ್ತದೆ.

ಪ್ರೈಮರಿಯಲ್ಲಿ ಇದು ಇನ್ನಷ್ಟು ಜೋರು. ಇಬ್ಬರು ಅಭ್ಯರ್ಥಿಗಳು ಒಂದೇ ಥರ ಇದ್ದಷ್ಟೂ ಆಯ್ಕೆ ಕಷ್ಟ. ಆಯ್ಕೆ ಕಷ್ಟವಾದಷ್ಟೂ ಆಮೇಲಿನ ಸಮರ್ಥನೆ ಬಲವಾಗಬೇಕು. ನಿನ್ನೆಯವರೆಗೆ "ಇಬ್ಬರೂ ಪರವಾಗಿಲ್ಲ" ಎನ್ನುತ್ತಿದ್ದವರು ಇಂದು ಒಬ್ಬರನ್ನು ದೇವರೆಂದೂ ಇನ್ನೊಬ್ಬರನ್ನು ದ್ರೋಹಿಯೆಂದೂ ಕರೆಯುವುದು ಹೀಗೆ. ಬೇರೆ ಊರಿನವರ ಜೊತೆಗಿನ ಜಗಳಕ್ಕಿಂತ ದಾಯಾದಿ ಕಲಹ ಏಕೆ ಹೆಚ್ಚು ಉರಿಯುತ್ತದೆ ಎಂಬುದು ನಮ್ಮ ಹಳ್ಳಿಗಳಿಗೆ ಹೊಸ ವಿಷಯವೇನಲ್ಲ.

ಫಾರ್ವರ್ಡ್‌ಗಳು ನಮ್ಮನ್ನು ಹಿಡಿಯುವುದು ಸರಿಯಾಗಿ ಈ ಹಂತದಲ್ಲಿ. ಮನಸ್ಸು ಸಮರ್ಥನೆ ಹುಡುಕುತ್ತಿರುವಾಗ ಸಿಕ್ಕ ಸಂದೇಶವನ್ನು ಪರೀಕ್ಷಿಸಲು ಯಾರಿಗೂ ಮನಸ್ಸಿರುವುದಿಲ್ಲ. "ನಾನು ಹೇಳಿರಲಿಲ್ಲವೇ?" ಎಂದು ಮುಂದಕ್ಕೆ ಕಳಿಸಿಬಿಡುತ್ತೇವೆ.

ಗೆದ್ದೆತ್ತಿನ ಬಾಲ ಹಿಡಿಯುವ ಲೆಕ್ಕಾಚಾರ

"ನನಗೆ ಇವರು ಇಷ್ಟ, ಆದರೆ ಗೆಲ್ಲುವುದಿಲ್ಲ. ಅದಕ್ಕೇ ಅವರಿಗೆ ಹಾಕುತ್ತೇನೆ." ಪ್ರೈಮರಿಯ ಹೊತ್ತಿನಲ್ಲಿ ಕೇಳಿಬರುವ ಮಾತು ಇದು. ಕೇಳಲು ಇದು ಬುದ್ಧಿವಂತಿಕೆಯ ಲೆಕ್ಕ. ಬಿಡಿಸಿ ನೋಡಿದರೆ ಇದೂ ಒಂದು ಊಹೆ, ಅದೂ ಬೇರೆಯವರ ಭಾವನೆಯ ಬಗ್ಗೆ. "ಪಕ್ಕದ ರಾಜ್ಯದ ಜನ ಹೆಂಗಸಿಗೆ ಮತ ಹಾಕಲಿಕ್ಕಿಲ್ಲ", "ವಯಸ್ಸಾದವರನ್ನು ಯುವಕರು ಒಪ್ಪಲಿಕ್ಕಿಲ್ಲ" ಎಂದು ಎಲ್ಲರೂ ಎಲ್ಲರ ಬಗ್ಗೆ ಊಹಿಸುತ್ತಾ ಕುಳಿತರೆ, ಎಲ್ಲರಿಗೂ ಇಷ್ಟವಾದ ಅಭ್ಯರ್ಥಿಯೂ ಸೋಲಬಹುದು.

ಆ ಊಹೆ ಎಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ 2020 ಒಳ್ಳೆಯ ಉದಾಹರಣೆ. ಡೆಮಾಕ್ರಟಿಕ್ ಪಕ್ಷದಲ್ಲಿ ಜೋ ಬೈಡನ್ ಮೊದಲ ಸುತ್ತಾದ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಅವರ ಕಥೆ ಮುಗಿಯಿತು ಎಂದು ಬರೆದವರು ಹಲವರು. ಫೆಬ್ರುವರಿ 29ರಂದು ಸೌತ್ ಕೆರೊಲಿನಾದಲ್ಲಿ ದೊಡ್ಡ ಅಂತರದಿಂದ ಗೆದ್ದರು. ಮುಂದಿನ ಎರಡು ದಿನಗಳಲ್ಲಿ ಪೀಟ್ ಬುಟಿಜಜ್ ಮತ್ತು ಏಮಿ ಕ್ಲೋಬುಚಾರ್ ಹಿಂದೆ ಸರಿದು ಅವರಿಗೆ ಬೆಂಬಲ ಕೊಟ್ಟರು. ಮಾರ್ಚ್ 3ರಂದು, ಒಂದೇ ದಿನ ಹಲವು ರಾಜ್ಯಗಳು ಮತ ಹಾಕುವ "ಸೂಪರ್ ಟ್ಯೂಸ್‌ಡೇ" ದಿನ, 14 ರಾಜ್ಯಗಳ ಪೈಕಿ 10 ಬೈಡನ್ ಪಾಲಾದವು. ನಾಲ್ಕು ದಿನಗಳಲ್ಲಿ ಅವರ ನೀತಿ ಏನೂ ಬದಲಾಗಿರಲಿಲ್ಲ. "ಗೆಲ್ಲುವವರು ಯಾರು" ಎಂಬ ಜನರ ಊಹೆ ಬದಲಾಗಿತ್ತು.

ಆ ನಾಲ್ಕು ದಿನಗಳು ಇನ್ನೊಂದು ನೋವನ್ನೂ ಉಳಿಸಿಹೋದವು. ಅಂಚೆಯಲ್ಲಿ ಮುಂಚಿತವಾಗಿ ಮತ ಕಳಿಸಿದ್ದ ಎಷ್ಟೋ ಜನರ ಆಯ್ಕೆ, ಎಣಿಕೆಯ ಹೊತ್ತಿಗೆ ಕಣದಲ್ಲೇ ಇರಲಿಲ್ಲ. ಇದನ್ನು ತಪ್ಪಿಸಲು ಆ ವರ್ಷ ಅಲಾಸ್ಕಾ, ಹವಾಯಿ, ಕಾನ್ಸಾಸ್, ವ್ಯೋಮಿಂಗ್ ರಾಜ್ಯಗಳ ಡೆಮಾಕ್ರಟಿಕ್ ಪ್ರೈಮರಿಗಳಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಎಂದು ಕ್ರಮವಾಗಿ ಗುರುತಿಸುವ ಪದ್ಧತಿ ಇತ್ತು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತಪತ್ರ ನೋಡಿದವರಿಗೆ ಇದು ಪರಿಚಿತ. ಮೊದಲ ಆಯ್ಕೆ ಕೈಬಿಟ್ಟರೆ ಮತ ಎರಡನೆಯವರಿಗೆ ಹೋಗುತ್ತದೆ.

ಹಾಗಾದರೆ ಗೆಲ್ಲದವರಿಗೆ ಹಾಕಿದ ಮತ ವ್ಯರ್ಥವೇ? ಎಲ್ಲ ಕಡೆ ಅಲ್ಲ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಪ್ರೈಮರಿಗಳಲ್ಲಿ ಕನಿಷ್ಠ ಶೇ 15 ಮತ ಪಡೆದವರಿಗೆ ಅದರ ಪ್ರಮಾಣದಲ್ಲೇ ಸಮಾವೇಶದ ಪ್ರತಿನಿಧಿಗಳು ಸಿಗುತ್ತಾರೆ. ಅಂದರೆ ಎರಡನೆಯವರಿಗೆ ಬಿದ್ದ ಮತಕ್ಕೂ ಬೆಲೆಯಿದೆ. ರಿಪಬ್ಲಿಕನ್ ಪಕ್ಷದಲ್ಲಿ ರಾಜ್ಯಕ್ಕೊಂದು ನಿಯಮ. ಕೆಲವೆಡೆ ಮೊದಲು ಬಂದವರಿಗೆ ಎಲ್ಲವೂ. ಲೆಕ್ಕದಾಚೆಗೂ ಒಂದು ಮಾತಿದೆ. ಬರ್ನಿ ಸ್ಯಾಂಡರ್ಸ್ 2016ರಲ್ಲೂ 2020ರಲ್ಲೂ ಸೋತರು. ಆದರೆ ಕನಿಷ್ಠ ವೇತನ ಹೆಚ್ಚಿಸುವುದು, ಕಾಲೇಜು ಶುಲ್ಕ ಇಳಿಸುವುದು ಮುಂತಾದ ಅವರ ಬೇಡಿಕೆಗಳು ಪಕ್ಷದ ಪ್ರಣಾಳಿಕೆಗೆ ಹತ್ತಿರ ಬಂದವು. ಸೋತವರಿಗೆ ಬಿದ್ದ ಮತವನ್ನೂ ಗೆದ್ದವರು ಎಣಿಸುತ್ತಾರೆ.

ಸೋತವರ ಬೆಂಬಲಿಗರು ಆಮೇಲೆ ಏನು ಮಾಡುತ್ತಾರೆ?

2008ರಲ್ಲಿ ಬರಾಕ್ ಒಬಾಮಾ ಮತ್ತು ಹಿಲರಿ ಕ್ಲಿಂಟನ್ ನಡುವಿನ ಡೆಮಾಕ್ರಟಿಕ್ ಪ್ರೈಮರಿ ಜನವರಿಯಿಂದ ಜೂನ್‌ವರೆಗೆ ನಡೆಯಿತು. ಇಬ್ಬರಿಗೂ ಸುಮಾರು 1 ಕೋಟಿ 80 ಲಕ್ಷದಷ್ಟು ಮತ ಬಿದ್ದವು. ಮೊದಲ ಮಹಿಳಾ ಅಧ್ಯಕ್ಷೆಯನ್ನು ನೋಡುವ ಆಸೆ ಹೊತ್ತಿದ್ದವರಿಗೆ ಸೋಲು ಮನೆಯ ದುಃಖದಂತಾಯಿತು. "ಒಬಾಮಾಗೆ ಹಾಕುವುದಿಲ್ಲ" ಎಂದು ಆಗ ಹೇಳಿದವರು ಕಡಿಮೆಯಿರಲಿಲ್ಲ. ಆದರೆ ನವೆಂಬರ್‌ನ ಮತಗಟ್ಟೆ ಸಮೀಕ್ಷೆಯ ಪ್ರಕಾರ, ಹಿಲರಿಯನ್ನು ಬಯಸಿದ್ದ ಡೆಮಾಕ್ರಟರಲ್ಲಿ ಶೇ 80ಕ್ಕಿಂತ ಹೆಚ್ಚು ಜನ ಒಬಾಮಾಗೇ ಮತ ಹಾಕಿದ್ದರು.

2016ರಲ್ಲಿ ಸ್ಯಾಂಡರ್ಸ್ ಬೆಂಬಲಿಗರಲ್ಲಿ ಟ್ರಂಪ್‌ಗೆ ಹಾಕಿದವರ ಪ್ರಮಾಣ ಬೇರೆ ಬೇರೆ ಸಮೀಕ್ಷೆಗಳಲ್ಲಿ ಶೇ 6ರಿಂದ 12. ಫಾರ್ವರ್ಡ್ ಹೇಳುವಂತೆ "ಎಲ್ಲರೂ" ಅಲ್ಲ, ಪಕ್ಷದವರು ಬಯಸುವಂತೆ "ಯಾರೂ ಇಲ್ಲ" ಎಂದೂ ಅಲ್ಲ. ಅಂತರ ಕೂದಲೆಳೆಯಷ್ಟಿದ್ದ ರಾಜ್ಯಗಳಲ್ಲಿ ಇಷ್ಟು ಸಣ್ಣ ಪಾಲೂ ಮುಖ್ಯವಾಗಬಹುದು. ಆದರೆ ಅಂಥ ಸೋಲಿಗೆ ಹತ್ತು ಕಾರಣಗಳಿರುತ್ತವೆ. ಒಂದನ್ನೇ ಎತ್ತಿ ಬೊಟ್ಟು ಮಾಡುವುದು ಸಿಟ್ಟಿನ ಲೆಕ್ಕ.

ಒಮ್ಮೊಮ್ಮೆ ಜನ ಕಣ ಬಿಟ್ಟವರಿಗೂ ಮತ ಹಾಕುತ್ತಾರೆ. ನಿಕ್ಕಿ ಹೇಲಿ 2024ರ ಮಾರ್ಚ್ 6ರಂದು ಸ್ಪರ್ಧೆ ನಿಲ್ಲಿಸಿದರು. ಎರಡು ತಿಂಗಳ ನಂತರ ಇಂಡಿಯಾನಾ ಪ್ರೈಮರಿಯಲ್ಲಿ ಶೇ 20ಕ್ಕಿಂತ ಹೆಚ್ಚು ಮತ ಅವರಿಗೆ ಬಿದ್ದವು. ಗೆಲುವಿನ ಲೆಕ್ಕದಲ್ಲಿ ಇದಕ್ಕೆ ಅರ್ಥವಿಲ್ಲ. ಆದರೆ ಅತೃಪ್ತಿ ದಾಖಲಿಸುವುದೂ ಮತದ ಒಂದು ಕೆಲಸ. ನಮ್ಮಲ್ಲಿ ನೋಟಾ ಒತ್ತಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಭಾವನೆಯ ಮೇಲೆ ಬೀಸಿದ ಬಲೆ

ಈಗ ನಾಲ್ಕನೆಯ ಮಾತಿಗೆ ಬರೋಣ. 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಗೆ ಎರಡು ದಿನ ಇರುವಾಗ ಸಾವಿರಾರು ಮತದಾರರಿಗೆ ಫೋನ್ ಕರೆ ಬಂತು. ದನಿ ಜೋ ಬೈಡನ್ ಅವರದೇ. ಮಂಗಳವಾರ ಮತ ಹಾಕಬೇಡಿ, ನಿಮ್ಮ ಮತವನ್ನು ನವೆಂಬರ್‌ಗೆ ಉಳಿಸಿಕೊಳ್ಳಿ ಎಂಬುದು ಅದರ ತಿರುಳು. ಆ ದನಿ ಎಐ ಬಳಸಿ ತಯಾರಿಸಿದ ನಕಲಿ. ಹೇಳಿದ್ದೂ ಸುಳ್ಳು: ಪ್ರೈಮರಿಯಲ್ಲಿ ಮತ ಹಾಕಿದವರು ನವೆಂಬರ್‌ನಲ್ಲಿ ಮತ್ತೆ ಹಾಕಬಹುದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಮುಂದಿನ ತಿಂಗಳೇ ಅಮೆರಿಕದ ಸಂಪರ್ಕ ಆಯೋಗ ಎಐ ದನಿಯ ಇಂಥ ಸ್ವಯಂಚಾಲಿತ ಕರೆಗಳು ಕಾನೂನುಬಾಹಿರ ಎಂದು ಘೋಷಿಸಿತು. ಕರೆ ಮಾಡಿಸಿದವರಿಗೆ 60 ಲಕ್ಷ ಡಾಲರ್ ದಂಡ ವಿಧಿಸಿತು.

ಈ ಬಲೆ ಬೀಸಿದ್ದು ಬೈಡನ್ ವಿರೋಧಿಗಳ ಮೇಲಲ್ಲ, ಅವರನ್ನು ನಂಬುವವರ ಮೇಲೆ. ಮೆಚ್ಚಿದವರ ದನಿ ಕೇಳಿದಾಗ ನಾವು ಪರೀಕ್ಷೆ ಮಾಡುವುದಿಲ್ಲ ಎಂಬುದು ಬಲೆ ಹೆಣೆದವರಿಗೆ ಗೊತ್ತಿತ್ತು.

ಫಾರ್ವರ್ಡ್ ಒತ್ತುವ ಮುನ್ನ

ಚುನಾವಣೆ ಯಾವ ದೇಶದ್ದೇ ಇರಲಿ, ಈ ಮೂರು ಪ್ರಶ್ನೆಗಳು ಉಪಯೋಗಕ್ಕೆ ಬರುತ್ತವೆ.

ಒಂದು: ಇದೇ ಸುದ್ದಿ ನಾನು ಮೆಚ್ಚಿದ ಅಭ್ಯರ್ಥಿಯ ಬಗ್ಗೆ ಬಂದಿದ್ದರೆ ಇಷ್ಟು ಬೇಗ ನಂಬುತ್ತಿದ್ದೆನೇ?

ಎರಡು: ಇದರಲ್ಲಿ ಮತದಾನದ ದಿನ, ನಿಯಮ ಅಥವಾ ಅರ್ಹತೆಯ ಬಗ್ಗೆ ಏನಾದರೂ ಹೇಳಿದೆಯೇ? ಹೇಳಿದ್ದರೆ ಆ ರಾಜ್ಯದ ಚುನಾವಣಾ ಕಚೇರಿಯ ಜಾಲತಾಣದಲ್ಲಿ ನೋಡುವವರೆಗೆ ಕಳಿಸಬೇಡಿ. ಅಮೆರಿಕದಲ್ಲಿ ಒಂದು ರಾಜ್ಯದ ನಿಯಮ ಪಕ್ಕದ ರಾಜ್ಯಕ್ಕೆ ಅನ್ವಯಿಸುವುದಿಲ್ಲ.

ಮೂರು: "ಇವರು ಗೆಲ್ಲುವುದಿಲ್ಲ" ಎಂಬುದು ಮಾಹಿತಿಯೇ, ಊಹೆಯೇ? ಊಹೆಯಾದರೆ ಅದು ಯಾರ ಊಹೆ?

ಒಬ್ಬ ಅಭ್ಯರ್ಥಿಯ ಮೇಲೆ ಮನಸ್ಸಾಗುವುದು ದೌರ್ಬಲ್ಯವೇನಲ್ಲ. ಆ ಮನಸ್ಸಿಲ್ಲದಿದ್ದರೆ ಚಳಿಗಾಲದ ಅಯೋವಾದಲ್ಲಿ ಹಿಮ ತುಳಿದುಕೊಂಡು ಜನ ಹೊರಗೆ ಬರುತ್ತಲೂ ಇರಲಿಲ್ಲ. ಪ್ರೈಮರಿ ಇರುವುದೇ ಅದಕ್ಕಾಗಿ: ಎರಡು ಪಕ್ಷಗಳಲ್ಲಿ ಒಂದನ್ನು ಆರಿಸಬೇಕಾದ ನವೆಂಬರ್‌ಗೆ ಮುಂಚೆ, ನಿಮ್ಮ ಪಕ್ಷ ಹೇಗಿರಬೇಕು ಎಂದು ಹೇಳುವ ಅವಕಾಶ. ಅಲ್ಲಿ ಇಷ್ಟಪಟ್ಟವರಿಗೇ ಮತ ಹಾಕಿ ಎಂದು ಮಗನಿಗೋ ಮಗಳಿಗೋ ಹೇಳಬಹುದು. ಯಾರನ್ನು ಇಷ್ಟಪಡಬೇಕು ಎಂಬುದನ್ನು ಮಾತ್ರ ಫಾರ್ವರ್ಡ್ ಹೇಳುವುದು ಬೇಡ. ಇನ್ನೊಬ್ಬರನ್ನು ಮೆಚ್ಚಿದ ಅಣ್ಣನೋ ಗೆಳತಿಯೋ ಗುಂಪಿನಲ್ಲಿದ್ದರೆ ಇದನ್ನೂ ನೆನಪಿಡಿ: ಪ್ರೈಮರಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಗುಂಪು ಇದ್ದೇ ಇರುತ್ತದೆ.